ವೇಗದ ಬೋರ್ಡಿಗೆ ಶುದ್ಧ ವಿದ್ಯುತ್: ಲೀನಿಯರ್ ರೆಗ್ಯುಲೇಟರ್ ಬಳಸುವ ಬಗೆ

ಎಫ್‌ಪಿಜಿಎ, ಡಿಡಿಆರ್ ಮೆಮೊರಿ, ವೇಗದ ಎಡಿಸಿ ಇರುವ ಬೋರ್ಡ್ ವಿನ್ಯಾಸಕ್ಕೆ ಕೂತಾಗ ಗಮನವೆಲ್ಲ ಸಿಗ್ನಲ್ ಟ್ರೇಸ್‌ಗಳ ಮೇಲೆಯೇ ಇರುತ್ತದೆ. ಟ್ರೇಸ್‌ಗಳ ಉದ್ದ ಹೊಂದಿಸುತ್ತೇವೆ, 50 ಓಮ್ ಇಂಪೀಡೆನ್ಸ್ ಲೆಕ್ಕ ಹಾಕುತ್ತೇವೆ, ಲೇಯರ್‌ಗಳ ಜೋಡಣೆಯ ಬಗ್ಗೆ ಚರ್ಚಿಸುತ್ತೇವೆ. ವಿದ್ಯುತ್ ಪೂರೈಕೆಯ ಸರದಿ ಬರುವುದು ಕಟ್ಟಕಡೆಗೆ. ಹಳೆಯ ಸರ್ಕ್ಯೂಟಿನಿಂದ ಒಂದು ರೆಗ್ಯುಲೇಟರ್ ಎತ್ತಿ ಕೂರಿಸಿ, ಪಕ್ಕದಲ್ಲೊಂದು ಕೆಪಾಸಿಟರ್ ಇಟ್ಟು ಮುಗಿಸುವುದೇ ಹೆಚ್ಚು. ಮಲ್ಟಿಮೀಟರ್ ಹಿಡಿದರೆ 1.00 ವೋಲ್ಟ್ ಕಾಣಿಸುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಮೆಮೊರಿ ಪೂರ್ಣ ವೇಗಕ್ಕೆ ಬಂದಾಗ ಆಗೊಮ್ಮೆ ಈಗೊಮ್ಮೆ ಬಿಟ್ ತಪ್ಪುತ್ತದೆ, ಎಡಿಸಿಯ ಸ್ಪೆಕ್ಟ್ರಮ್‌ನಲ್ಲಿ ಇರಬಾರದ ಗೆರೆಗಳು ಏಳುತ್ತವೆ, ಗಿಗಾಬಿಟ್ ಲಿಂಕ್ ನಡುನಡುವೆ ಕಡಿದುಹೋಗುತ್ತದೆ. ಇಂಥ ತೊಂದರೆಗಳ ಬೇರು ಬಹಳ ಸಲ ಪವರ್ ರೈಲ್‌ಗಳಲ್ಲೇ ಇರುತ್ತದೆ. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಈ ಲೇಖನ ಒಂದೇ ಮಾತಿನ ಸುತ್ತ ನಿಂತಿದೆ: ರೆಗ್ಯುಲೇಟರ್ ಆಯ್ಕೆಯನ್ನು ಲೋಡ್‌ನಿಂದ ಶುರುಮಾಡಿ. ಆ ರೈಲ್‌ನಿಂದ ವಿದ್ಯುತ್ ಎಳೆಯುವ ಚಿಪ್ ಎಷ್ಟು ಕರೆಂಟ್ ಕೇಳುತ್ತದೆ, ಎಷ್ಟು ಬೇಗ ಕೇಳುತ್ತದೆ, ಎಷ್ಟು ಏರಿಳಿತ ಸಹಿಸುತ್ತದೆ ಎಂಬುದು ಕೈಯಲ್ಲಿದ್ದರೆ ಉಳಿದ ನಿರ್ಧಾರಗಳೆಲ್ಲ ಲೆಕ್ಕದಿಂದಲೇ ಹೊರಡುತ್ತವೆ.

ಒಳಗೆ ನಡೆಯುವುದೇನು?

ಲೀನಿಯರ್ ರೆಗ್ಯುಲೇಟರಿನ ಒಳಗೆ ಮುಖ್ಯವಾಗಿ ಮೂರು ಭಾಗಗಳಿವೆ. ಅಲುಗದ ಒಂದು ರೆಫರೆನ್ಸ್ ವೋಲ್ಟೇಜ್, ಔಟ್‌ಪುಟ್ಟನ್ನು ಅದರೊಂದಿಗೆ ಹೋಲಿಸುವ ಎರರ್ ಆಂಪ್ಲಿಫೈಯರ್, ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ನಿಂತ ಪಾಸ್ ಟ್ರಾನ್ಸಿಸ್ಟರ್. ಔಟ್‌ಪುಟ್ ಕೊಂಚ ಇಳಿದರೆ ಆಂಪ್ಲಿಫೈಯರ್ ಟ್ರಾನ್ಸಿಸ್ಟರನ್ನು ಇನ್ನಷ್ಟು ತೆರೆಯುತ್ತದೆ, ಏರಿದರೆ ಬಿಗಿಯುತ್ತದೆ. ಹೆಚ್ಚುವರಿ ವೋಲ್ಟೇಜ್ ಟ್ರಾನ್ಸಿಸ್ಟರಿನಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಇಲ್ಲಿ ಏನೂ ಆನ್-ಆಫ್ ಆಗುವುದಿಲ್ಲ. ಹಾಗಾಗಿ ಸ್ವಿಚಿಂಗ್ ರೆಗ್ಯುಲೇಟರಿನಿಂದ ಹೊರಡುವ ರಿಪಲ್ ಇದರಿಂದ ಹೊರಡುವುದಿಲ್ಲ. ಲೀನಿಯರ್ ರೆಗ್ಯುಲೇಟರನ್ನು ಇಂದಿಗೂ ಬಿಡಲಾಗದಿರುವುದು ಈ ಗುಣಕ್ಕಾಗಿ.

ಈ ಮೂರನ್ನೂ ಒಂದೇ ಚಿಪ್‌ನಲ್ಲಿ, ಬರೀ ಮೂರು ಕಾಲುಗಳೊಂದಿಗೆ ಕೊಟ್ಟವರು ನ್ಯಾಷನಲ್ ಸೆಮಿಕಂಡಕ್ಟರ್‌ನ ಬಾಬ್ ವಿಡ್ಲರ್. 1970ರ ಹೊತ್ತಿಗೆ ಬಂದ ಅವರ 5 ವೋಲ್ಟ್‌ನ ಎಲ್‌ಎಂ109ರಲ್ಲಿ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಇತ್ತು. ಸಿಲಿಕಾನ್‌ನ ಭೌತಿಕ ಗುಣವನ್ನೇ ಆಧರಿಸಿ, ತಾಪಮಾನ ಬದಲಾದರೂ ಬಹುಮಟ್ಟಿಗೆ ಅಲುಗದ ಸುಮಾರು 1.2 ವೋಲ್ಟ್ ಕೊಡುವ ವ್ಯವಸ್ಥೆ ಅದು. ಎಲ್‌ಎಂ317ರ ಡೇಟಾಶೀಟ್‌ನಲ್ಲಿ ಕಾಣುವ 1.25 ವೋಲ್ಟ್ ಬಂದದ್ದೂ ಅಲ್ಲಿಂದಲೇ.

ಔಟ್‌ಪುಟ್ ಸರಿಯಾಗಿ ನಿಲ್ಲಲು ಇನ್‌ಪುಟ್ ಅದಕ್ಕಿಂತ ಇಷ್ಟಾದರೂ ಹೆಚ್ಚಿರಬೇಕು ಎನ್ನುವ ಮಿತಿಗೆ ಡ್ರಾಪ್‌ಔಟ್ ಎನ್ನುತ್ತಾರೆ. 7805ಕ್ಕೆ ಅದು ಸುಮಾರು 2 ವೋಲ್ಟ್, 1117 ಜಾತಿಗೆ ಸುಮಾರು 1.2 ವೋಲ್ಟ್. ಇಂದಿನ ಎಲ್‌ಡಿಒಗಳಲ್ಲಿ, ಅಂದರೆ ಕಡಿಮೆ ಡ್ರಾಪ್‌ಔಟ್‌ನ ಲೀನಿಯರ್ ರೆಗ್ಯುಲೇಟರ್‌ಗಳಲ್ಲಿ, 0.1ರಿಂದ 0.3 ವೋಲ್ಟ್ ಸಾಕಾಗುತ್ತದೆ. 1 ವೋಲ್ಟ್‌ಗೆ ಇಳಿದಿರುವ ಇಂದಿನ ರೈಲ್‌ಗಳಿಗೆ ಈ ಕೊನೆಯ ಜಾತಿಯೇ ಬೇಕು.

ಎಲ್ಲಿ ಬೇಕು, ಎಲ್ಲಿ ಬೇಡ?

ಒಂದು ಮಾದರಿ ಬೋರ್ಡ್ ಇಟ್ಟುಕೊಂಡು ಮಾತಾಡೋಣ. ಹೊರಗಿನಿಂದ 5 ವೋಲ್ಟ್ ಬರುತ್ತದೆ. ಬೋರ್ಡಿನಲ್ಲಿ ಆರ್ಟಿಕ್ಸ್-7 ಜಾತಿಯ ಎಫ್‌ಪಿಜಿಎ, ಡಿಡಿಆರ್3ಎಲ್ ಮೆಮೊರಿ, ಒಂದು ವೇಗದ ಎಡಿಸಿ, ಅದಕ್ಕೊಂದು ಕ್ಲಾಕ್ ಆಸಿಲೇಟರ್ ಇವೆ. ಮೊದಲು ಮಾಡಬೇಕಾದ ಕೆಲಸ ಒಂದು ಪಟ್ಟಿ. ಪ್ರತಿ ರೈಲ್‌ಗೆ ಐದು ಅಂಕಣ: ವೋಲ್ಟೇಜ್, ಎಷ್ಟು ಶೇಕಡಾ ಏರಿಳಿತಕ್ಕೆ ಅವಕಾಶ, ಗರಿಷ್ಠ ಕರೆಂಟ್, ಕರೆಂಟ್ ಒಮ್ಮೆಲೇ ಎಷ್ಟು ಜಿಗಿಯಬಹುದು, ಎಷ್ಟು ನಾಯ್ಸ್ ಸಹಿಸುತ್ತದೆ.

ನಮ್ಮ ಬೋರ್ಡಿನ ಪಟ್ಟಿ ಹೀಗಿದೆ ಎಂದುಕೊಳ್ಳಿ:

• ಎಫ್‌ಪಿಜಿಎ ಕೋರ್: 1.0 ವೋಲ್ಟ್, 3 ಆಂಪಿಯರ್, ಶೇ 5ರ ಒಳಗೆ.
• ಮೆಮೊರಿ: 1.35 ವೋಲ್ಟ್, 1 ಆಂಪಿಯರ್.
• ಐ/ಒ: 3.3 ವೋಲ್ಟ್, 0.5 ಆಂಪಿಯರ್.
• ಎಫ್‌ಪಿಜಿಎಯೊಳಗಿನ ಗಿಗಾಬಿಟ್ ಟ್ರಾನ್ಸೀವರ್: 1.0 ವೋಲ್ಟ್ ಮತ್ತು 1.2 ವೋಲ್ಟ್, ತಲಾ 0.3 ಆಂಪಿಯರ್.
• ಎಡಿಸಿಯ ಅನಲಾಗ್ ಭಾಗ: 1.8 ವೋಲ್ಟ್, 0.3 ಆಂಪಿಯರ್.
• ಕ್ಲಾಕ್ ಆಸಿಲೇಟರ್: 3.3 ವೋಲ್ಟ್, 40 ಮಿಲಿಆಂಪಿಯರ್.

ಕೋರ್ ರೈಲನ್ನು 5 ವೋಲ್ಟ್‌ನಿಂದ ನೇರವಾಗಿ ಲೀನಿಯರ್ ರೆಗ್ಯುಲೇಟರ್ ಮೂಲಕ ಇಳಿಸಿದರೆ 4 ವೋಲ್ಟ್ ಗುಣಿಸು 3 ಆಂಪಿಯರ್, ಅಂದರೆ 12 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಚಿಪ್‌ಗೆ ಮುಟ್ಟುವುದು 3 ವ್ಯಾಟ್. ಇದು ಆಗದ ಮಾತು. ಕೋರ್, ಮೆಮೊರಿ, ಐ/ಒಗಳಿಗೆ ಸ್ವಿಚಿಂಗ್ ರೆಗ್ಯುಲೇಟರೇ ಬೇಕು. ಹಾಗೆಂದು ಅದೇ ಸ್ವಿಚಿಂಗ್ ರೈಲಿನಿಂದ ಕ್ಲಾಕ್‌ಗೂ ಎಡಿಸಿಗೂ ನೇರ ಸಂಪರ್ಕ ಕೊಟ್ಟರೆ ಸ್ವಿಚಿಂಗ್ ರಿಪಲ್ ಅಳತೆಯೊಳಗೆ ನುಸುಳುತ್ತದೆ. ಮನೆಬಳಕೆಗೆಲ್ಲ ಬೋರ್‌ವೆಲ್ ನೀರು, ಕುಡಿಯುವುದಕ್ಕೆ ಮಾತ್ರ ಫಿಲ್ಟರ್ ನೀರು ಎಂಬಂತೆ, ಹೆಚ್ಚು ಕರೆಂಟ್ ಬೇಕಾದಲ್ಲಿ ಸ್ವಿಚಿಂಗ್, ಸೂಕ್ಷ್ಮ ರೈಲ್‌ಗಳಿಗೆ ಅದರ ಮುಂದೊಂದು ಲೀನಿಯರ್ ಎಂದು ಹಂಚಿಕೊಳ್ಳುವುದು ಸರಿಯಾದ ದಾರಿ. ನಮ್ಮ ಪಟ್ಟಿಯಲ್ಲಿ ಲೀನಿಯರ್ ಬೇಕಾಗಿರುವುದು ಟ್ರಾನ್ಸೀವರ್, ಎಡಿಸಿ, ಕ್ಲಾಕ್ ಎಂಬ ಮೂರು ಕಡೆ.

ಟ್ರಾನ್ಸೀವರ್‌ನ ಅಗತ್ಯವನ್ನು ತಯಾರಕರೇ ಅಂಕಿಯಲ್ಲಿ ಹೇಳುತ್ತಾರೆ. ಆರ್ಟಿಕ್ಸ್-7 ಸೇರಿರುವ ಜೈಲಿಂಕ್ಸ್ 7 ಸರಣಿಯ ಟ್ರಾನ್ಸೀವರ್ ಕೈಪಿಡಿಯ ಪ್ರಕಾರ ಆ ರೈಲ್‌ಗಳ ನಾಯ್ಸ್ 10 ಕಿಲೋಹರ್ಟ್ಸ್‌ನಿಂದ 80 ಮೆಗಾಹರ್ಟ್ಸ್‌ವರೆಗೆ ತುದಿಯಿಂದ ತುದಿಗೆ 10 ಮಿಲಿವೋಲ್ಟ್ ಮೀರಬಾರದು. ಇಂಥ ಅಂಕಿ ಸಿಕ್ಕಲ್ಲೆಲ್ಲ ಪಟ್ಟಿಗೆ ಬರೆದುಕೊಳ್ಳಿ. ವಿನ್ಯಾಸ ಮುಗಿದ ಮೇಲೆ ಅಳತೆಯನ್ನು ಹೋಲಿಸಬೇಕಾದದ್ದು ಇದರೊಂದಿಗೆ.

ಮೊದಲ ಲೆಕ್ಕ ಬಿಸಿಯದು

ಲೀನಿಯರ್ ರೆಗ್ಯುಲೇಟರಿನ ಬಿಸಿಯ ಲೆಕ್ಕ ಸರಳ. ಇನ್‌ಪುಟ್‌ನಿಂದ ಔಟ್‌ಪುಟ್ ಕಳೆದು ಕರೆಂಟ್‌ನಿಂದ ಗುಣಿಸಿ. ನಮ್ಮ ಎಡಿಸಿಯ 1.8 ವೋಲ್ಟ್ ರೈಲನ್ನು ಮೂರು ಬಗೆಯಲ್ಲಿ ಮಾಡಬಹುದು. 5 ವೋಲ್ಟ್‌ನಿಂದ ನೇರ ಇಳಿಸಿದರೆ 0.96 ವ್ಯಾಟ್ ವ್ಯರ್ಥ. 3.3 ವೋಲ್ಟ್‌ನಿಂದ ಇಳಿಸಿದರೆ 0.45 ವ್ಯಾಟ್. ಸ್ವಿಚಿಂಗ್ ರೆಗ್ಯುಲೇಟರಿನಿಂದ 2.3 ವೋಲ್ಟ್ ಮಾಡಿಕೊಂಡು ಅಲ್ಲಿಂದ ಇಳಿಸಿದರೆ 0.15 ವ್ಯಾಟ್ ಮಾತ್ರ.

ಈ ವ್ಯಾಟ್‌ಗಳು ಚಿಪ್‌ನ ಒಳ ತಾಪಮಾನವನ್ನು ಎಷ್ಟು ಏರಿಸುತ್ತವೆ ಎಂಬುದನ್ನು ತೀಟಾ-ಜೆಎ ಎಂಬ ಅಂಕಿ ಹೇಳುತ್ತದೆ. ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಎಂಬ ಅಳತೆ ಅದು. ಒಳ್ಳೆಯ ತಾಮ್ರದ ಹರವಿನ ಮೇಲೆ ಕೂತ ಎಸ್‌ಒಟಿ-223 ಪ್ಯಾಕೇಜ್‌ಗೆ 60 ಡಿಗ್ರಿ ಎಂದಿಟ್ಟುಕೊಳ್ಳೋಣ. ಸುತ್ತಲ ಗಾಳಿ ಎಷ್ಟು ಬಿಸಿ ಎಂಬ ಪ್ರಶ್ನೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಹವಾನಿಯಂತ್ರಿತ ಲ್ಯಾಬ್‌ನ 25 ಡಿಗ್ರಿ ಹಿಡಿದು ಲೆಕ್ಕ ಹಾಕಬೇಡಿ. ಬೋರ್ಡ್ ಕೆಲಸ ಮಾಡಬೇಕಾದದ್ದು ರಾಯಚೂರಿನಲ್ಲೋ ಕಲಬುರಗಿಯಲ್ಲೋ ಆದರೆ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಡಬ್ಬಿಯೊಳಗೆ, ಪಕ್ಕದಲ್ಲೇ ಬಿಸಿ ಎಫ್‌ಪಿಜಿಎ ಇರುವಾಗ, 60 ಡಿಗ್ರಿ ಹಿಡಿಯುವುದು ಜಾಣತನ.

ಈಗ ಕೂಡಿಸಿ. 0.96 ವ್ಯಾಟ್ ಗುಣಿಸು 60 ಎಂದರೆ ಸುಮಾರು 58 ಡಿಗ್ರಿ ಏರಿಕೆ. ಒಳ ತಾಪಮಾನ 118. ಬಹುತೇಕ ಚಿಪ್‌ಗಳ 125 ಡಿಗ್ರಿಯ ಮಿತಿಗೆ ಕೂದಲೆಳೆಯ ಅಂತರ. 0.45 ವ್ಯಾಟ್‌ಗೆ 87 ಡಿಗ್ರಿ, 0.15 ವ್ಯಾಟ್‌ಗೆ 69 ಡಿಗ್ರಿ. ಎರಡನೆಯದು ನಡೆಯುತ್ತದೆ, ಮೂರನೆಯದು ನಿಶ್ಚಿಂತೆ. ಡೇಟಾಶೀಟ್‌ನಲ್ಲಿ ಕೊಡುವ ತೀಟಾ-ಜೆಎ ನಿಗದಿತ ಮಾದರಿಯ ಪರೀಕ್ಷಾ ಬೋರ್ಡಿನ ಮೇಲೆ ಅಳೆದದ್ದು ಎಂಬುದೂ ನೆನಪಿರಲಿ. ನಿಮ್ಮ ಬೋರ್ಡಿನಲ್ಲಿ ತಾಮ್ರ ಕಡಿಮೆಯಿದ್ದರೆ ಅಂಕಿ ಮೇಲೇರುತ್ತದೆ. ಎಸ್‌ಒಟಿ-23ರಂಥ ಪುಟ್ಟ ಪ್ಯಾಕೇಜ್‌ಗಳಲ್ಲಿ ಅದು 200 ಡಿಗ್ರಿಯ ಆಸುಪಾಸಿಗೂ ಹೋಗುತ್ತದೆ. ನಮ್ಮ ಕ್ಲಾಕ್ ರೈಲ್‌ಗೆ ಅದೂ ತೊಂದರೆಯಲ್ಲ. 5ರಿಂದ 3.3ಕ್ಕೆ ಇಳಿಸಿದರೂ 40 ಮಿಲಿಆಂಪಿಯರ್‌ಗೆ 68 ಮಿಲಿವ್ಯಾಟ್ ಅಷ್ಟೇ. 14 ಡಿಗ್ರಿಯ ಏರಿಕೆ.

ಪಿಎಸ್‌ಆರ್‌ಆರ್: ಮೊದಲ ಪುಟದ ಅಂಕಿ ಸಾಲದು

ಇನ್‌ಪುಟ್‌ನಲ್ಲಿರುವ ರಿಪಲ್ ಔಟ್‌ಪುಟ್‌ಗೆ ಬರುವಾಗ ಎಷ್ಟು ತಗ್ಗುತ್ತದೆ ಎಂಬುದನ್ನು ಪಿಎಸ್‌ಆರ್‌ಆರ್ ಎಂಬ ಅಂಕಿ ಡೆಸಿಬೆಲ್‌ನಲ್ಲಿ ಹೇಳುತ್ತದೆ. 20 ಡೆಸಿಬೆಲ್ ಎಂದರೆ ಹತ್ತನೇ ಒಂದು, 40 ಎಂದರೆ ನೂರನೇ ಒಂದು, 60 ಎಂದರೆ ಸಾವಿರದಲ್ಲಿ ಒಂದು. ಡೇಟಾಶೀಟ್‌ನ ಮೊದಲ ಪುಟದಲ್ಲಿ 70 ಅಥವಾ 80 ಡೆಸಿಬೆಲ್ ಎಂದು ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯ. ಆದರೆ ಆ ಅಂಕಿ ಹೆಚ್ಚಾಗಿ 1 ಕಿಲೋಹರ್ಟ್ಸ್‌ನದು. ನಮ್ಮ ಸ್ವಿಚಿಂಗ್ ರೆಗ್ಯುಲೇಟರ್ ಓಡುವುದು 500 ಕಿಲೋಹರ್ಟ್ಸ್‌ನಿಂದ 2 ಮೆಗಾಹರ್ಟ್ಸ್‌ನಲ್ಲಿ. ಅಷ್ಟು ವೇಗಕ್ಕೆ ಎರರ್ ಆಂಪ್ಲಿಫೈಯರ್ ಸ್ಪಂದಿಸಲಾರದು. ಸಾಮಾನ್ಯ ಎಲ್‌ಡಿಒಗಳ ಪಿಎಸ್‌ಆರ್‌ಆರ್ ಅಲ್ಲಿ 20ರಿಂದ 40 ಡೆಸಿಬೆಲ್‌ಗೆ ಕುಸಿದಿರುತ್ತದೆ.

ಆದ್ದರಿಂದ ಒಳಪುಟದ ಗ್ರಾಫ್ ನೋಡಿ. ನಿಮ್ಮ ಸ್ವಿಚಿಂಗ್ ಫ್ರೀಕ್ವೆನ್ಸಿಯ ಮೇಲೆ ಗೆರೆ ಎಳೆದು ಅಲ್ಲಿಯ ಅಂಕಿ ಓದಿ. 1 ಮೆಗಾಹರ್ಟ್ಸ್‌ನಲ್ಲಿ 20 ಮಿಲಿವೋಲ್ಟ್ ರಿಪಲ್ ಒಳಬರುತ್ತಿದ್ದರೆ, 20 ಡೆಸಿಬೆಲ್ ಇರುವ ಚಿಪ್ 2 ಮಿಲಿವೋಲ್ಟ್ ಹೊರಬಿಡುತ್ತದೆ, 40 ಇರುವುದು 0.2 ಮಿಲಿವೋಲ್ಟ್. ಈ ಕೆಲಸಕ್ಕೆಂದೇ ರೂಪಿಸಿದ ಎಲ್‌ಟಿ3045ರಂಥ ಚಿಪ್ 1 ಮೆಗಾಹರ್ಟ್ಸ್‌ನಲ್ಲೂ 76 ಡೆಸಿಬೆಲ್ ಕೊಡುತ್ತದೆ. ಲೆಕ್ಕದ ಪ್ರಕಾರ ಉಳಿಯುವುದು 3 ಮೈಕ್ರೋವೋಲ್ಟ್‌ನಷ್ಟು.

ಇನ್ನೊಂದು ಸೂಕ್ಷ್ಮವಿದೆ. ಇನ್‌ಪುಟ್-ಔಟ್‌ಪುಟ್ ಅಂತರ ಕಡಿಮೆಯಾದಂತೆ ಪಿಎಸ್‌ಆರ್‌ಆರ್ ಕುಗ್ಗುತ್ತದೆ. ಡ್ರಾಪ್‌ಔಟ್ ಅಂಚಿಗೆ ಬಂದಾಗ ಪಾಸ್ ಟ್ರಾನ್ಸಿಸ್ಟರ್ ಪೂರ್ತಿ ತೆರೆದು ಬರೀ ಒಂದು ರೆಸಿಸ್ಟರಿನಂತಾಗುತ್ತದೆ, ಇನ್‌ಪುಟ್‌ನ ರಿಪಲ್ ಹಾಗೆಯೇ ದಾಟಿಬಿಡುತ್ತದೆ. ಬಿಸಿ ಉಳಿಸಲು ಅಂತರ ಕಿರಿದಾಗಿಸಬೇಕು, ರಿಪಲ್ ತಡೆಯಲು ಅಂತರ ಇರಬೇಕು. ಈ ಎರಡರ ನಡುವೆ ಸುಮಾರು 0.5 ವೋಲ್ಟ್ ಒಳ್ಳೆಯ ಆರಂಭ. ನಮ್ಮ ಎಡಿಸಿಗೆ 2.3 ವೋಲ್ಟ್ ಆರಿಸಿದ್ದು ಇದಕ್ಕಾಗಿಯೇ.

ಇನ್‌ಪುಟ್‌ನಲ್ಲಿ ಫೆರೈಟ್ ಬೀಡ್ ಸೇರಿಸಿದರೆ ಹತ್ತಾರು ಮೆಗಾಹರ್ಟ್ಸ್‌ನ ಚೂಪು ಸ್ಪೈಕ್‌ಗಳು ತಗ್ಗುತ್ತವೆ. ಆದರೆ ಬೀಡ್ ಮತ್ತು ಕೆಪಾಸಿಟರ್ ಸೇರಿ ಅನುರಣಿಸುವ ಅಪಾಯವಿದೆ. ಬೀಡ್‌ನ ಇಂಡಕ್ಟೆನ್ಸ್ 1 ಮೈಕ್ರೋಹೆನ್ರಿ, ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಆದರೆ 50 ಕಿಲೋಹರ್ಟ್ಸ್‌ನ ಹತ್ತಿರ ನಾಯ್ಸ್ ತಗ್ಗುವ ಬದಲು ಹೆಚ್ಚುತ್ತದೆ. ಅದಕ್ಕೆ ಪಕ್ಕದಲ್ಲೇ ಇನ್ನೊಂದು ದೊಡ್ಡ ಕೆಪಾಸಿಟರನ್ನು ಸುಮಾರು 0.3 ಓಮ್ ಸರಣಿ ರೆಸಿಸ್ಟೆನ್ಸ್‌ನೊಂದಿಗೆ ಇಟ್ಟರೆ ಆ ಉಬ್ಬು ಅಡಗುತ್ತದೆ. ಕರೆಂಟ್ ಒಮ್ಮೆಲೇ ಜಿಗಿಯುವ ಡಿಜಿಟಲ್ ಕೋರ್ ರೈಲ್‌ನಲ್ಲಿ ಮಾತ್ರ ಬೀಡ್ ಹಾಕಲೇಬೇಡಿ; ಅಲ್ಲಿ ಅದು ಕರೆಂಟ್‌ನ ದಾರಿಗೇ ಅಡ್ಡ ನಿಲ್ಲುತ್ತದೆ.

ನಾಯ್ಸ್ ಜಿಟರ್ ಆಗುವ ಬಗೆ

ಪಿಎಸ್‌ಆರ್‌ಆರ್ ಹೊರಗಿನ ಗದ್ದಲದ ಮಾತಾದರೆ, ರೆಗ್ಯುಲೇಟರಿನ ರೆಫರೆನ್ಸ್ ಮತ್ತು ಆಂಪ್ಲಿಫೈಯರ್ ತಾವೇ ಹುಟ್ಟಿಸುವ ನಾಯ್ಸ್ ಬೇರೆ. ಸಾಧಾರಣ ಎಲ್‌ಡಿಒಗಳಲ್ಲಿ ಅದು 10 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಹತ್ತಾರು ಮೈಕ್ರೋವೋಲ್ಟ್ ಇದ್ದರೆ, ಎಲ್‌ಟಿ3045ರಲ್ಲಿ 0.8 ಮೈಕ್ರೋವೋಲ್ಟ್. ಎಲ್ಲ ಕಡೆ ಇಷ್ಟು ಶುದ್ಧಿ ಬೇಕಿಲ್ಲ. ಎಲ್ಲಿ ಬೇಕು ಎಂಬುದಕ್ಕೆ ಕ್ಲಾಕ್ ಉತ್ತರ ಕೊಡುತ್ತದೆ.

ಆಸಿಲೇಟರಿನ ಸಪ್ಲೈ ಅಲುಗಿದರೆ ಅದರ ಅಂಚುಗಳು ಸಮಯದಲ್ಲಿ ಹಿಂದೆಮುಂದೆ ಸರಿಯುತ್ತವೆ. ಇದೇ ಜಿಟರ್. 100 ಮೆಗಾಹರ್ಟ್ಸ್ ಸಿಗ್ನಲನ್ನು ಎಡಿಸಿಯಿಂದ ಅಳೆಯುವಾಗ ಕ್ಲಾಕ್‌ನಲ್ಲಿ 1 ಪಿಕೋಸೆಕೆಂಡ್ ಜಿಟರ್ ಇದ್ದರೆ, ಎಡಿಸಿ ಎಷ್ಟೇ ಉತ್ತಮವಾಗಿರಲಿ, ಸಿಗ್ನಲ್-ನಾಯ್ಸ್ ಅನುಪಾತ 64 ಡೆಸಿಬೆಲ್ ಮೀರಲಾರದು. 14 ಬಿಟ್‌ನ ಎಡಿಸಿಗೆ ಹಣ ಕೊಟ್ಟು 10 ಬಿಟ್‌ನ ಫಲ ಪಡೆದಂತೆ. ಹೀಗಾಗಿ ಅತಿ ಕಡಿಮೆ ನಾಯ್ಸ್‌ನ ದುಬಾರಿ ಎಲ್‌ಡಿಒ ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ ಅದನ್ನು ಕ್ಲಾಕ್‌ಗೆ ಕೊಡಿ. ನಾಯ್ಸ್ ತಗ್ಗಿಸಲು ಪ್ರತ್ಯೇಕ ಪಿನ್ ಇರುವ ಚಿಪ್‌ಗಳಲ್ಲಿ ಅಲ್ಲಿಯ ಕೆಪಾಸಿಟರ್ ದೊಡ್ಡದಾದಷ್ಟೂ ನಾಯ್ಸ್ ಕಡಿಮೆ. ಅದರ ಜೊತೆಗೆ ಸಾಮಾನ್ಯವಾಗಿ ಔಟ್‌ಪುಟ್ ಏರುವುದೂ ನಿಧಾನವಾಗುತ್ತದೆ ಎಂಬುದು ಗಮನದಲ್ಲಿರಲಿ.

ಕರೆಂಟ್ ಜಿಗಿದಾಗ ಯಾರು ಆಸರೆ?

ಲೋಡ್ ಒಮ್ಮೆಲೇ ಕರೆಂಟ್ ಕೇಳಿದರೆ ರೆಗ್ಯುಲೇಟರ್ ಎಚ್ಚೆತ್ತುಕೊಳ್ಳಲು ಕೆಲವು ಮೈಕ್ರೋಸೆಕೆಂಡ್ ಬೇಕು. ಅಲ್ಲಿಯವರೆಗೆ ಕೆಪಾಸಿಟರ್‌ಗಳೇ ಕರೆಂಟ್ ಕೊಡಬೇಕು. ಅರ್ಧ ಆಂಪಿಯರ್ ಜಿಗಿತ, 5 ಮೈಕ್ರೋಸೆಕೆಂಡ್ ವಿಳಂಬ, 30 ಮಿಲಿವೋಲ್ಟ್ ಇಳಿತಕ್ಕೆ ಅವಕಾಶ ಎಂದರೆ ಬೇಕಾದದ್ದು 83 ಮೈಕ್ರೋಫ್ಯಾರಡ್. ಪಕ್ಕದಲ್ಲೊಂದು 10 ಮೈಕ್ರೋಫ್ಯಾರಡ್ ಇಟ್ಟು ಮುಗಿಸುವ ರೂಢಿ ಇಲ್ಲಿಗೆ ಸಾಲದು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ರೈಲ್ ಸ್ವಿಚಿಂಗ್ ಆಗಲಿ ಲೀನಿಯರ್ ಆಗಲಿ, ಎಲ್ಲಕ್ಕೂ ಅನ್ವಯಿಸುವ ಅಳತೆಗೋಲು ಟಾರ್ಗೆಟ್ ಇಂಪೀಡೆನ್ಸ್. 1.0 ವೋಲ್ಟ್ ಕೋರ್‌ಗೆ ಶೇ 5 ಎಂದರೆ 50 ಮಿಲಿವೋಲ್ಟ್. ಅದರಲ್ಲಿ ರೆಗ್ಯುಲೇಟರಿನ ಸ್ವಂತ ವ್ಯತ್ಯಾಸಕ್ಕೆ 20 ಹೋದರೆ ಜಿಗಿತಕ್ಕೆ ಉಳಿಯುವುದು 30 ಮಿಲಿವೋಲ್ಟ್. ಜಿಗಿತ 1 ಆಂಪಿಯರ್ ಆದರೆ ಆ ರೈಲ್‌ನ ಇಂಪೀಡೆನ್ಸ್ ಎಲ್ಲ ಫ್ರೀಕ್ವೆನ್ಸಿಗಳಲ್ಲೂ 30 ಮಿಲಿಓಮ್‌ಗಿಂತ ಕೆಳಗಿರಬೇಕು. ಕೆಳಗಿನ ಫ್ರೀಕ್ವೆನ್ಸಿಗಳನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ, ನಂತರ ದೊಡ್ಡ ಪಾಲಿಮರ್ ಅಥವಾ ಟ್ಯಾಂಟಲಮ್ ಕೆಪಾಸಿಟರ್‌ಗಳು, ಆಮೇಲೆ ಸೆರಾಮಿಕ್‌ಗಳು, ಹತ್ತಾರು ಮೆಗಾಹರ್ಟ್ಸ್ ದಾಟಿದ ಮೇಲೆ ಬೋರ್ಡಿನ ಪ್ಲೇನ್‌ಗಳು ಮತ್ತು ಚಿಪ್‌ನ ಪ್ಯಾಕೇಜ್. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಆ ಫ್ರೀಕ್ವೆನ್ಸಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ.

ಸೆರಾಮಿಕ್ ಕೆಪಾಸಿಟರ್ ವೇಗದಲ್ಲಿ ಸೋಲುವುದು ಅದರ ಮತ್ತು ಅದರ ವಯಾಗಳ ಇಂಡಕ್ಟೆನ್ಸ್‌ನಿಂದ. ಬೋರ್ಡಿನ ಮೇಲೆ ಕೂತ ಒಂದು ಕೆಪಾಸಿಟರ್‌ಗೆ ಒಟ್ಟು 1 ನ್ಯಾನೋಹೆನ್ರಿ ಹಿಡಿಯಿರಿ. 100 ನ್ಯಾನೋಫ್ಯಾರಡ್‌ನದು 16 ಮೆಗಾಹರ್ಟ್ಸ್‌ವರೆಗಷ್ಟೇ ಕೆಪಾಸಿಟರಿನಂತೆ ವರ್ತಿಸುತ್ತದೆ, ಆಚೆಗೆ ಇಂಡಕ್ಟರ್. 50 ಮೆಗಾಹರ್ಟ್ಸ್‌ನಲ್ಲಿ ಆ 1 ನ್ಯಾನೋಹೆನ್ರಿಯ ಇಂಪೀಡೆನ್ಸ್ 0.3 ಓಮ್. 30 ಮಿಲಿಓಮ್ ಬೇಕೆಂದರೆ ಅಂಥ ಹತ್ತನ್ನು ಸಮಾಂತರವಾಗಿ ಇಡಬೇಕು. ಅರ್ಧ ಆಂಪಿಯರ್ 1 ನ್ಯಾನೋಸೆಕೆಂಡ್‌ನಲ್ಲಿ ಜಿಗಿದರೆ ಅದೇ 1 ನ್ಯಾನೋಹೆನ್ರಿಯ ಮೇಲೆ ಅರ್ಧ ವೋಲ್ಟ್ ಬೀಳುತ್ತದೆ. ಅಷ್ಟು ವೇಗದ ಜಿಗಿತವನ್ನು ಚಿಪ್‌ನ ಒಳಗಿನ ಕೆಪಾಸಿಟರ್ ಮಾತ್ರ ತಡೆಯಬಲ್ಲದು. ಯಾವ ರೆಗ್ಯುಲೇಟರಿನಿಂದಲೂ ಆಗದು.

ಸೆರಾಮಿಕ್‌ನ ಇನ್ನೊಂದು ಗುಣ ತಿಳಿದಿರಬೇಕು. ಎಕ್ಸ್5ಆರ್, ಎಕ್ಸ್7ಆರ್ ಜಾತಿಯವು ವೋಲ್ಟೇಜ್ ಏರಿದಂತೆ ಧಾರಣೆ (ಕೆಪಾಸಿಟೆನ್ಸ್) ಕಳೆದುಕೊಳ್ಳುತ್ತವೆ. 6.3 ವೋಲ್ಟ್‌ನ ಪುಟ್ಟ 10 ಮೈಕ್ರೋಫ್ಯಾರಡ್ ಭಾಗವನ್ನು 5 ವೋಲ್ಟ್ ರೈಲ್‌ಗೆ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಧಾರಣೆ ಹೋಗಿರಬಹುದು. 5 ಮತ್ತು 3.3 ವೋಲ್ಟ್ ರೈಲ್‌ಗಳಿಗೆ 16 ವೋಲ್ಟ್‌ನ, ಒಂದು ಅಳತೆ ದೊಡ್ಡದಾದ ಕೆಪಾಸಿಟರ್ ಆರಿಸಿ. ವೈ5ವಿ ಜಾತಿಯನ್ನು ಹತ್ತಿರವೂ ತರಬೇಡಿ.

ಸ್ಥಿರತೆ: ಕೆಪಾಸಿಟರ್ ಹೆಚ್ಚು ಒಳ್ಳೆಯದಾದರೂ ತೊಂದರೆ

ಲೀನಿಯರ್ ರೆಗ್ಯುಲೇಟರ್ ಒಂದು ಫೀಡ್‌ಬ್ಯಾಕ್ ವ್ಯವಸ್ಥೆ. ಔಟ್‌ಪುಟ್ ಕೆಪಾಸಿಟರ್ ಆ ವ್ಯವಸ್ಥೆಯ ಅಂಗ. ಹಳೆಯ ವಿನ್ಯಾಸಗಳು ಟ್ಯಾಂಟಲಮ್ ಕೆಪಾಸಿಟರಿನ ಒಳ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್ ಅನ್ನು ಲೆಕ್ಕಕ್ಕೆ ಹಿಡಿದೇ ರೂಪುಗೊಂಡವು. ಎಲ್‌ಎಂ1117ರ ಡೇಟಾಶೀಟ್ ಔಟ್‌ಪುಟ್ ಕೆಪಾಸಿಟರಿನ ಇಎಸ್‌ಆರ್ 0.3 ಓಮ್‌ನಿಂದ 22 ಓಮ್ ಒಳಗಿರಬೇಕು ಎನ್ನುತ್ತದೆ. ಸೆರಾಮಿಕ್‌ನ ಇಎಸ್‌ಆರ್ ಕೆಲವೇ ಮಿಲಿಓಮ್. ಒಳ್ಳೆಯದೆಂದು ಸೆರಾಮಿಕ್ ಒಂದನ್ನೇ ಹಾಕಿದರೆ ಔಟ್‌ಪುಟ್ ತನ್ನಷ್ಟಕ್ಕೆ ಕಂಪಿಸತೊಡಗಬಹುದು.

1117 ಜಾತಿಯ ರೆಗ್ಯುಲೇಟರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸುಲಭವಾಗಿ ಸಿಗುತ್ತವೆ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಅವುಗಳದೇ ಬಳಕೆ ಹೆಚ್ಚು. ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಒಂದೇ ಸಂಖ್ಯೆಯಿದ್ದರೂ ತಯಾರಕರು ಬೇರೆಯಾದರೆ ಕೆಪಾಸಿಟರಿನ ಷರತ್ತೂ ಬೇರೆಯಿರಬಹುದು. ಕೈಯಲ್ಲಿರುವ ಭಾಗ ಯಾರದು ಎಂದು ನೋಡಿ, ಅವರ ಡೇಟಾಶೀಟ್ ತೆರೆದು, ಔಟ್‌ಪುಟ್ ಕೆಪಾಸಿಟರಿನ ಪ್ಯಾರಾ ಪೂರ್ತಿ ಓದಿ. ಹೊಸ ವಿನ್ಯಾಸಕ್ಕೆ ಸೆರಾಮಿಕ್‌ನೊಂದಿಗೆ ಸ್ಥಿರ ಎಂದು ಸ್ಪಷ್ಟವಾಗಿ ಬರೆದಿರುವ ಚಿಪ್ ಆರಿಸುವುದು ಲೇಸು.

ಮೆಮೊರಿಯ ಟರ್ಮಿನೇಷನ್ ರೈಲ್

ಡಿಡಿಆರ್3ಎಲ್ ವಿಳಾಸದ ಗೆರೆಗಳು ಕೊನೆಗೊಳ್ಳುವುದು ಸಪ್ಲೈನ ಅರ್ಧ ವೋಲ್ಟೇಜ್‌ಗೆ, ಅಂದರೆ 0.675 ವೋಲ್ಟ್‌ಗೆ. ಗೆರೆ ಮೇಲಿದ್ದಾಗ ಕರೆಂಟ್ ಈ ರೈಲ್‌ನೊಳಕ್ಕೆ ಹರಿಯುತ್ತದೆ, ಕೆಳಗಿದ್ದಾಗ ಹೊರಕ್ಕೆ. ಸಾಮಾನ್ಯ ಎಲ್‌ಡಿಒ ಕರೆಂಟ್ ಕೊಡಬಲ್ಲದೇ ಹೊರತು ಒಳಗೆಳೆದುಕೊಳ್ಳಲಾರದು. ಅದನ್ನು ಇಲ್ಲಿ ಹಾಕಿದರೆ ವೋಲ್ಟೇಜ್ ಮೇಲಕ್ಕೆ ತೇಲುತ್ತದೆ. ಎರಡೂ ದಿಕ್ಕಿಗೆ ಕೆಲಸ ಮಾಡುವ ಟಿಪಿಎಸ್51200ರಂಥ ವಿಶೇಷ ಲೀನಿಯರ್ ರೆಗ್ಯುಲೇಟರ್‌ಗಳು ಇದಕ್ಕಾಗಿಯೇ ಇವೆ.

ಲೇಔಟ್‌ನಲ್ಲಿ ನೋಡಬೇಕಾದ್ದು

ತಾಮ್ರಕ್ಕೂ ರೆಸಿಸ್ಟೆನ್ಸ್ ಇದೆ. 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ ಒಂದು ಚೌಕಕ್ಕೆ ಸುಮಾರು 0.5 ಮಿಲಿಓಮ್. 5 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ದಾರಿ ಎಂದರೆ ಹತ್ತು ಚೌಕ, 5 ಮಿಲಿಓಮ್. 1 ಆಂಪಿಯರ್ ಹರಿದರೆ 5 ಮಿಲಿವೋಲ್ಟ್ ಅಲ್ಲೇ ಕಳೆಯಿತು. 1 ವೋಲ್ಟ್ ರೈಲ್‌ಗೆ ಇದು ಶೇ 0.5. ಆದ್ದರಿಂದ ರೆಗ್ಯುಲೇಟರನ್ನು ಲೋಡ್‌ನ ಪಕ್ಕದಲ್ಲೇ ಇಡಿ, ಔಟ್‌ಪುಟ್ ವೋಲ್ಟೇಜನ್ನು ರೆಗ್ಯುಲೇಟರಿಗೆ ತಿಳಿಸುವ ಸೆನ್ಸ್ ಗೆರೆಯನ್ನು ಪ್ರತ್ಯೇಕವಾಗಿ ಲೋಡ್‌ನ ಬಳಿಯಿಂದ ತನ್ನಿ.

ವೋಲ್ಟೇಜ್ ನಿಗದಿ ಮಾಡುವ ಎರಡು ರೆಸಿಸ್ಟರ್‌ಗಳೂ ವ್ಯತ್ಯಾಸ ತರುತ್ತವೆ. 0.6 ವೋಲ್ಟ್ ರೆಫರೆನ್ಸ್‌ನಿಂದ 1.0 ವೋಲ್ಟ್ ಮಾಡುವಾಗ ಶೇ 1ರ ರೆಸಿಸ್ಟರ್‌ಗಳು ಹೆಚ್ಚೆಂದರೆ ಶೇ 0.8 ವ್ಯತ್ಯಾಸ ತರಬಹುದು. ಶೇ 0.1ರವನ್ನು ಹಾಕಿದರೆ ಆ ಚಿಂತೆ ತಪ್ಪಿತು.

ರೆಗ್ಯುಲೇಟರಿನ ಕೆಳಗಿನ ಥರ್ಮಲ್ ಪ್ಯಾಡ್‌ನಿಂದ ಒಳಗಿನ ಗ್ರೌಂಡ್ ಪ್ಲೇನ್‌ಗೆ 0.3 ಮಿಲಿಮೀಟರ್‌ನ ವಯಾಗಳ ಸಾಲು ಇಳಿಸಿ. ಬಿಸಿ ಹೊರಹೋಗುವ ಮುಖ್ಯ ದಾರಿ ಅದೇ. ಗ್ರೌಂಡ್ ಪ್ಲೇನನ್ನು ಅನಲಾಗ್, ಡಿಜಿಟಲ್ ಎಂದು ಸೀಳಬೇಡಿ. ಸೀಳಿನ ಮೇಲೆ ಹಾಯುವ ವೇಗದ ಸಿಗ್ನಲ್‌ಗೆ ಮರಳುವ ದಾರಿಯಿಲ್ಲದೆ ಹೊಸ ನಾಯ್ಸ್ ಹುಟ್ಟುತ್ತದೆ. ಪ್ಲೇನ್ ಅಖಂಡವಾಗಿಟ್ಟು, ಗದ್ದಲದ ಭಾಗಗಳನ್ನು ಸೂಕ್ಷ್ಮ ಭಾಗಗಳಿಂದ ದೂರ ಜೋಡಿಸಿದರೆ ಸಾಕು. ಪವರ್ ಮತ್ತು ಗ್ರೌಂಡ್ ಲೇಯರ್‌ಗಳನ್ನು 0.1 ಮಿಲಿಮೀಟರ್ ಅಂತರದಲ್ಲಿ ಜೋಡಿಯಾಗಿಟ್ಟರೆ ಚದರ ಸೆಂಟಿಮೀಟರ್‌ಗೆ ಸುಮಾರು 38 ಪಿಕೋಫ್ಯಾರಡ್ ಪುಕ್ಕಟೆಯಾಗಿ ಸಿಗುತ್ತದೆ. ಸಂಖ್ಯೆ ಚಿಕ್ಕದೆನಿಸಿದರೂ ಅದರ ಇಂಡಕ್ಟೆನ್ಸ್ ತೀರಾ ಕಡಿಮೆ. ನೂರಾರು ಮೆಗಾಹರ್ಟ್ಸ್‌ನಲ್ಲಿ ಅದೇ ಆಧಾರ.

ಸ್ವಿಚಿಂಗ್ ರೆಗ್ಯುಲೇಟರಿನ ಇಂಡಕ್ಟರ್ ಎಲ್‌ಡಿಒದ ಔಟ್‌ಪುಟ್ ಪಕ್ಕದಲ್ಲಿ ಇರಬಾರದು. ಅದರ ಕಾಂತಕ್ಷೇತ್ರ ನೇರವಾಗಿ ಔಟ್‌ಪುಟ್ ಕುಣಿಕೆಗೆ ಸೇರಿಕೊಂಡರೆ 76 ಡೆಸಿಬೆಲ್‌ನ ಚಿಪ್ ಕೂಡ ಏನೂ ಮಾಡಲಾರದು.

ಆನ್ ಆಗುವ ಸರದಿ

ಎಫ್‌ಪಿಜಿಎಗಳಿಗೆ ರೈಲ್‌ಗಳು ಏರಬೇಕಾದ ಕ್ರಮವಿದೆ. 7 ಸರಣಿಗೆ ತಯಾರಕರ ಶಿಫಾರಸು: ಮೊದಲು ಕೋರ್, ನಂತರ ಬ್ಲಾಕ್ ರ್‍ಯಾಮ್, ಆಮೇಲೆ ಸಹಾಯಕ 1.8 ವೋಲ್ಟ್, ಕೊನೆಗೆ ಐ/ಒ. ಪ್ರತಿ ರೈಲ್ ಏರಲು 0.2ರಿಂದ 50 ಮಿಲಿಸೆಕೆಂಡ್. ಒಂದು ರೆಗ್ಯುಲೇಟರಿನ ಪವರ್-ಗುಡ್ ಪಿನ್ನನ್ನು ಮುಂದಿನದರ ಎನೇಬಲ್ ಪಿನ್‌ಗೆ ಕೊಟ್ಟರೆ ಸರದಿ ತಾನಾಗಿ ನಡೆಯುತ್ತದೆ. ಏರುವ ವೇಗಕ್ಕೂ ಕಾರಣವಿದೆ. 220 ಮೈಕ್ರೋಫ್ಯಾರಡ್ ಇರುವ 1 ವೋಲ್ಟ್ ರೈಲ್ 1 ಮಿಲಿಸೆಕೆಂಡ್‌ನಲ್ಲಿ ಏರಿದರೆ ಕೆಪಾಸಿಟರ್ ತುಂಬಲು 0.22 ಆಂಪಿಯರ್ ಸಾಕು. 20 ಮೈಕ್ರೋಸೆಕೆಂಡ್‌ನಲ್ಲಿ ಏರಲು 11 ಆಂಪಿಯರ್ ಬೇಕು. ಆಫ್ ಮಾಡುವಾಗ ಔಟ್‌ಪುಟ್ ಕೆಪಾಸಿಟರ್ ಇನ್‌ಪುಟ್‌ಗಿಂತ ನಿಧಾನ ಖಾಲಿಯಾದರೆ ಪಾಸ್ ಟ್ರಾನ್ಸಿಸ್ಟರ್ ಮೂಲಕ ಕರೆಂಟ್ ಹಿಮ್ಮುಖ ಹರಿಯಬಹುದು. ಒಳರಕ್ಷಣೆ ಇಲ್ಲದ ಚಿಪ್‌ಗೆ ಹೊರಗೊಂದು ಡಯೋಡ್ ಬೇಕು.

ಅಳೆಯದೆ ನಂಬಬೇಡಿ

ಆಸಿಲೋಸ್ಕೋಪ್ ಪ್ರೋಬ್‌ನ 15 ಸೆಂಟಿಮೀಟರ್ ಗ್ರೌಂಡ್ ತಂತಿ ಸುಮಾರು 150 ನ್ಯಾನೋಹೆನ್ರಿ. ಪ್ರೋಬ್‌ನ 10 ಪಿಕೋಫ್ಯಾರಡ್ ಜೊತೆ ಸೇರಿ ಅದು 130 ಮೆಗಾಹರ್ಟ್ಸ್‌ನ ಹತ್ತಿರ ತಾನೇ ಕಂಪಿಸುತ್ತದೆ. ಆ ತಂತಿ ಕಿತ್ತಿಟ್ಟು ತುದಿಯ ಪುಟ್ಟ ಸ್ಪ್ರಿಂಗ್ ಬಳಸಿ. ಇನ್ನೂ ಒಳ್ಳೆಯದೆಂದರೆ ಕೆಪಾಸಿಟರಿನ ಎರಡು ತುದಿಗೆ ಕೋಆಕ್ಸಿಯಲ್ ಕೇಬಲ್ ಬೆಸುಗೆ ಹಾಕಿ, ಡಿಸಿ ತಡೆಯುವ ಕೆಪಾಸಿಟರ್ ಮೂಲಕ ಸ್ಕೋಪ್‌ನ 50 ಓಮ್ ಇನ್‌ಪುಟ್‌ಗೆ ಕೊಡುವುದು. ವಿನ್ಯಾಸದಲ್ಲೇ ಇದಕ್ಕೆ ಜಾಗ ಬಿಟ್ಟಿರಿ.

ಎರಡನೆಯದು ಲೋಡ್ ಜಿಗಿತದ ಪರೀಕ್ಷೆ. ಒಂದು ಮಾಸ್‌ಫೆಟ್, ಒಂದು ರೆಸಿಸ್ಟರ್, ಒಂದು ಫಂಕ್ಷನ್ ಜನರೇಟರ್ ಇದ್ದರೆ ಸಾಕು. ಜಿಗಿತದ ನಂತರ ಔಟ್‌ಪುಟ್ ಒಮ್ಮೆ ಬಾಗಿ ನೇರ ನಿಂತರೆ ಲೂಪ್ ಆರೋಗ್ಯವಾಗಿದೆ. ನಾಲ್ಕಾರು ಬಾರಿ ಏರಿಳಿದು ನಿಂತರೆ ಕೆಪಾಸಿಟರ್ ಮತ್ತು ಇಎಸ್‌ಆರ್ ಮತ್ತೆ ನೋಡಿ. ಕೋಣೆಯ ತಾಪಮಾನದಲ್ಲೂ, ಬಿಸಿಯಾದ ಮೇಲೂ, ಕಡಿಮೆ ಲೋಡ್‌ನಲ್ಲೂ, ಪೂರ್ಣ ಲೋಡ್‌ನಲ್ಲೂ ಈ ಪರೀಕ್ಷೆ ಆಗಬೇಕು.

ವಿನ್ಯಾಸ ಕಳುಹಿಸುವ ಮುನ್ನ

1. ಪ್ರತಿ ರೈಲ್‌ನ ಐದು ಅಂಕಣಗಳೂ ತುಂಬಿವೆಯೇ?
2. ಲೀನಿಯರ್ ಇರುವ ಪ್ರತಿ ಕಡೆ, ಅದೇ ಏಕೆ ಬೇಕು ಎಂಬುದಕ್ಕೆ ಒಂದು ವಾಕ್ಯದ ಉತ್ತರವಿದೆಯೇ?
3. 60 ಡಿಗ್ರಿ ಗಾಳಿ, ಗರಿಷ್ಠ ಕರೆಂಟ್ ಹಿಡಿದು ಒಳ ತಾಪಮಾನ 100ರ ಒಳಗಿದೆಯೇ?
4. ಸ್ವಿಚಿಂಗ್ ಫ್ರೀಕ್ವೆನ್ಸಿಯಲ್ಲಿನ ಪಿಎಸ್‌ಆರ್‌ಆರ್ ಗ್ರಾಫ್‌ನಿಂದ ಓದಿದ್ದೀರಾ?
5. ರೈಲ್‌ನ ವೋಲ್ಟೇಜ್ ಮೇಲಿರುವಾಗ ಕೆಪಾಸಿಟರ್‌ಗಳಲ್ಲಿ ಉಳಿಯುವ ನಿಜವಾದ ಧಾರಣೆ ಲೆಕ್ಕ ಹಾಕಿದ್ದೀರಾ?
6. ಔಟ್‌ಪುಟ್ ಕೆಪಾಸಿಟರಿನ ಇಎಸ್‌ಆರ್ ಡೇಟಾಶೀಟ್ ಹೇಳಿದ ಮಿತಿಯಲ್ಲಿದೆಯೇ?
7. ಸೆನ್ಸ್ ಗೆರೆ ಲೋಡ್‌ನ ಬಳಿಯಿಂದ ಹೊರಟಿದೆಯೇ?
8. ಆನ್ ಆಗುವ ಸರದಿ, ಏರುವ ಸಮಯ ತಯಾರಕರ ಶಿಫಾರಸಿಗೆ ಹೊಂದುತ್ತವೆಯೇ?
9. ಅಳತೆಗೆ ಪ್ರತಿ ಸೂಕ್ಷ್ಮ ರೈಲ್‌ನಲ್ಲಿ ಜಾಗವಿದೆಯೇ?

ಈ ಪಟ್ಟಿಗೆ ಉತ್ತರ ಬರೆಯುವುದು ಒಂದು ಸಂಜೆಯ ಕೆಲಸ. ಬೋರ್ಡ್ ತಯಾರಾಗಿ ಬಂದ ಮೇಲೆ ಇಲ್ಲಿ ತಪ್ಪಿಹೋದದ್ದನ್ನು ಹುಡುಕಲು ವಾರಗಳು ಹೋಗುತ್ತವೆ, ಮತ್ತೊಂದು ಬೋರ್ಡಿನ ಖರ್ಚೂ ಬೀಳುತ್ತದೆ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯಾಗಿರಲಿ, ಕಂಪನಿಯ ವಿನ್ಯಾಸಕರಾಗಿರಲಿ, ನಿಮ್ಮ ಲೆಕ್ಕಗಳನ್ನು ಸರ್ಕ್ಯೂಟಿನ ಹಾಳೆಯಲ್ಲೇ ರೆಗ್ಯುಲೇಟರಿನ ಪಕ್ಕದಲ್ಲಿ ಬರೆದಿಡಿ. ಮುಂದೆ ಆ ಹಾಳೆ ತೆರೆದು ಭಾಗ ಬದಲಿಸಲು ಹೊರಡುವವರಿಗೆ 2.3 ವೋಲ್ಟ್ ಏಕೆ, 83 ಮೈಕ್ರೋಫ್ಯಾರಡ್ ಏಕೆ ಎಂಬುದು ಅಲ್ಲೇ ಸಿಗಬೇಕು. ಕಾರಣ ಗೊತ್ತಿದ್ದರೆ ಅವರು ಬದಲಿಸುವುದೂ ಸರಿಯಾಗಿಯೇ ಇರುತ್ತದೆ.